ಗ್ರೀನ್‌ಫೀಲ್ಡ್‌ನಲ್ಲಿ ಕಟ್ಟಿದ ಕಾರು

ಕೇಳುಗರಿಗೆ ನಮಸ್ಕಾರ.

ಅಮೆರಿಕದ ಹಳೆಯ ಕಾರು ಎಂದ ಕೂಡಲೇ ಫೋರ್ಡ್ ಹೆಸರು ಬಾಯಿಗೆ ಬರುತ್ತದೆ, ಅಲ್ವಾ? ಇವತ್ತು ನಾನು ಬೇರೊಂದು ಕಾರಿನ ಕಥೆ ಹೇಳುತ್ತೇನೆ. ಅದರ ಹೆಸರು ಪ್ಯಾಟರ್ಸನ್-ಗ್ರೀನ್‌ಫೀಲ್ಡ್. ಅಮೆರಿಕದಲ್ಲಿ ಕಪ್ಪು ಜನರೇ ಮಾಲೀಕರಾಗಿ ನಡೆಸಿದ ಮೊದಲ ಕಾರು ಕಂಪನಿ ಅದು.

ಚಾರ್ಲ್ಸ್ ರಿಚರ್ಡ್ ಪ್ಯಾಟರ್ಸನ್ 1833ರಲ್ಲಿ ವರ್ಜೀನಿಯಾದಲ್ಲಿ ಹುಟ್ಟಿದರು. ಹುಟ್ಟುತ್ತಲೇ ಗುಲಾಮ. ಮುಂದೆ ಅವರು ಬದುಕು ಕಟ್ಟಿಕೊಂಡದ್ದು ಓಹಾಯೋ ರಾಜ್ಯದ ಗ್ರೀನ್‌ಫೀಲ್ಡ್ ಎಂಬ ಸಣ್ಣ ಊರಿನಲ್ಲಿ. ಓಹಾಯೋದಲ್ಲಿ ಗುಲಾಮಗಿರಿ ಇರಲಿಲ್ಲ. ಅಲ್ಲಿ ಅವರು ಕಮ್ಮಾರಿಕೆ ಕಲಿತರು, ಸಾರೋಟು ಮಾಡುವ ಅಂಗಡಿಯಲ್ಲಿ ದುಡಿದರು. 1873ರಲ್ಲಿ ಜೆ.ಪಿ. ಲೋ ಎಂಬ ಬಿಳಿಯರ ಜೊತೆ ಪಾಲುದಾರರಾಗಿ ಸ್ವಂತ ವ್ಯಾಪಾರಕ್ಕೆ ಇಳಿದರು. ಇಪ್ಪತ್ತು ವರ್ಷದ ಮೇಲೆ, 1893ರಲ್ಲಿ, ಲೋ ಅವರ ಪಾಲನ್ನೂ ಕೊಂಡುಕೊಂಡರು. ಬಾಗಿಲ ಮೇಲೆ ಹೊಸ ಹೆಸರು ಬಂತು: ಸಿ.ಆರ್. ಪ್ಯಾಟರ್ಸನ್ ಅಂಡ್ ಸನ್ಸ್.

ಅವರು ಮಾಡುತ್ತಿದ್ದ ಗಾಡಿಗಳು ಒಂದೆರಡು ಬಗೆಯವಲ್ಲ, 28 ಬಗೆ! ಅದರಲ್ಲಿ ವೈದ್ಯರ ಗಾಡಿಗೆ ಒಳ್ಳೆಯ ಹೆಸರಿತ್ತು. ರಾತ್ರಿ ಮಳೆಯಲ್ಲಿ ರೋಗಿಯ ಮನೆಗೆ ಹೋಗುವ ವೈದ್ಯರಿಗೆ ಗಟ್ಟಿ ಗಾಲಿ ಬೇಕು, ತಲೆಯ ಮೇಲೆ ಸೋರದ ಟಾಪು ಬೇಕು. ಅಂಥ ಕೆಲಸದಲ್ಲಿ ಪಳಗಿದ ಕೈಗಳು ಅವು.

ಮಗ ಫ್ರೆಡರಿಕ್ ಓದಿನಲ್ಲೂ ಆಟದಲ್ಲೂ ಮುಂದು. ಓಹಾಯೋ ಸ್ಟೇಟ್ ವಿಶ್ವವಿದ್ಯಾಲಯದ ಫುಟ್‌ಬಾಲ್ ತಂಡದಲ್ಲಿ ಆಡಿದ ಮೊದಲ ಕಪ್ಪು ಹುಡುಗ ಅವರೇ. ಆಮೇಲೆ ಲೂಯಿವಿಲ್‌ನಲ್ಲಿ ಮೇಷ್ಟ್ರಾಗಿದ್ದರು. ಒಡಹುಟ್ಟಿದ ಸ್ಯಾಮ್ಯುಯೆಲ್ ಕಾಯಿಲೆ ಬಿದ್ದಾಗ ಆ ಕೆಲಸ ಬಿಟ್ಟು ಅಪ್ಪನ ಕಾರ್ಖಾನೆಗೆ ವಾಪಸ್ ಬಂದರು. 1910ರಲ್ಲಿ ಅಪ್ಪ ತೀರಿಕೊಂಡರು. ಪೂರ್ತಿ ಹೊಣೆ ಫ್ರೆಡರಿಕ್ ಮೇಲೆ ಬಿತ್ತು.

ಅಷ್ಟು ಹೊತ್ತಿಗೆ ರಸ್ತೆಯ ಮೇಲೆ ಕಾರುಗಳು ಓಡಾಡುತ್ತಿದ್ದವು. ಫ್ರೆಡರಿಕ್ ಆತುರ ಪಡಲಿಲ್ಲ. ಮೊದಲು ಬೇರೆಯವರ ಕಾರಿಗೆ ಬಣ್ಣ ಹೊಡೆದುಕೊಟ್ಟರು, ಸೀಟಿನ ಮೆತ್ತೆ ಹೊಲಿದುಕೊಟ್ಟರು, ರಿಪೇರಿ ಮಾಡಿದರು. ಆ ನೆಪದಲ್ಲಿ ಅವರ ಕೆಲಸಗಾರರು ಎಂಜಿನ್ನನ್ನೂ ಅರಿತುಕೊಂಡರು. ಈ ನಡೆ ನನಗೆ ತುಂಬಾ ಇಷ್ಟ.

1915ರಲ್ಲಿ ಅವರದೇ ಕಾರು ಹೊರಬಂತು. ಕಾಂಟಿನೆಂಟಲ್ ಕಂಪನಿಯ ನಾಲ್ಕು ಸಿಲಿಂಡರಿನ ಎಂಜಿನ್. ಸ್ಟಾರ್ಟ್ ಮಾಡಲು ಹ್ಯಾಂಡಲ್ ತಿರುಗಿಸಬೇಕಾಗಿಲ್ಲ, ಕರೆಂಟಿನ ಸ್ಟಾರ್ಟರ್ ಇತ್ತು. ದೀಪಗಳೂ ಕರೆಂಟಿನವೇ. ಬೆಲೆ ಸುಮಾರು 850 ಡಾಲರ್.

ಕಾರು ಚೆನ್ನಾಗಿಯೇ ಇತ್ತು. ಆದರೆ ಅದೇ ಸಮಯದಲ್ಲಿ ಫೋರ್ಡ್ ಏನು ಮಾಡುತ್ತಿತ್ತು ನೋಡಿ. 1913ರಿಂದ ಅಲ್ಲಿ ಕಾರೇ ಕೆಲಸಗಾರರ ಮುಂದೆ ಸಾಗಿ ಬರುತ್ತಿತ್ತು. ಒಂದು ಚಾಸಿ, ಅಂದರೆ ಕಾರಿನ ಕೆಳಗಿನ ಚೌಕಟ್ಟು, ಜೋಡಿಸಲು ಹನ್ನೆರಡು ಗಂಟೆಗೂ ಜಾಸ್ತಿ ಹಿಡಿಯುತ್ತಿದ್ದದ್ದು ಸುಮಾರು ಒಂದೂವರೆ ಗಂಟೆಗೆ ಇಳಿಯಿತು. 1916ರಲ್ಲಿ ಫೋರ್ಡಿನ ಐದು ಸೀಟಿನ ಕಾರು 360 ಡಾಲರಿಗೇ ಸಿಗುತ್ತಿತ್ತು. ಗ್ರೀನ್‌ಫೀಲ್ಡ್‌ನಲ್ಲಿ ಒಂದೊಂದು ಕಾರನ್ನೂ ಕೈಯಲ್ಲೇ ಕಟ್ಟಬೇಕು. ಫೋರ್ಡ್‌ನ ಹಾಗೆ ಮಾಡಲು ಅಷ್ಟು ದೊಡ್ಡ ಬಂಡವಾಳ ಎಲ್ಲಿಂದ ತರೋದು? ಕೆಲವೇ ವರ್ಷಗಳಲ್ಲಿ ಕಾರು ಮಾಡುವುದು ನಿಂತಿತು.

ಕಾರ್ಖಾನೆ ಮಾತ್ರ ನಿಲ್ಲಲಿಲ್ಲ. ಎಂಜಿನ್ನು, ಚಾಸಿ ಬೇರೆಯವರು ಮಾಡಲಿ, ಬಾಡಿ ನಾವು ಕಟ್ಟುತ್ತೇವೆ ಎಂದರು ಫ್ರೆಡರಿಕ್. ಮರ, ಕಬ್ಬಿಣ, ಬಣ್ಣ, ಮೆತ್ತೆ: ಇದು ಸಾರೋಟಿನ ಕಾಲದಿಂದ ಆ ಮನೆಗೆ ಗೊತ್ತಿದ್ದ ಕೆಲಸವೇ ತಾನೆ? ಕಂಪನಿಯ ಹೆಸರು ಗ್ರೀನ್‌ಫೀಲ್ಡ್ ಬಸ್ ಬಾಡಿ ಎಂದಾಯಿತು. ಫೋರ್ಡ್ ಮತ್ತು ಜನರಲ್ ಮೋಟಾರ್ಸ್ ಚಾಸಿಗಳ ಮೇಲೆ ಬಸ್ಸು, ಲಾರಿಗಳ ಬಾಡಿ ಕಟ್ಟತೊಡಗಿದರು. ಓಹಾಯೋದ ಶಾಲಾ ಮಕ್ಕಳು ಆ ಬಸ್ಸುಗಳಲ್ಲಿ ಓಡಾಡಿದರು.

1929ರ ನಂತರ ದೇಶಕ್ಕೇ ಕೆಟ್ಟ ಕಾಲ ಬಂತು. ಕೊಳ್ಳುವವರು ಕಡಿಮೆಯಾದರು. 1932ರಲ್ಲಿ ಫ್ರೆಡರಿಕ್ ತೀರಿಕೊಂಡರು. ಕಂಪನಿ ಗ್ಯಾಲಿಪೊಲಿಸ್ ಎಂಬ ಊರಿಗೆ ಜಾಗ ಬದಲಿಸಿ ನೋಡಿತು, ಆಗಲಿಲ್ಲ. 1939ರಲ್ಲಿ ಬಾಗಿಲು ಮುಚ್ಚಿತು.

2021ರಲ್ಲಿ ಅಪ್ಪ, ಮಗ ಇಬ್ಬರ ಹೆಸರನ್ನೂ ಅಮೆರಿಕದ ಆಟೋಮೋಟಿವ್ ಹಾಲ್ ಆಫ್ ಫೇಮ್‌ಗೆ, ಅಂದರೆ ವಾಹನ ಕ್ಷೇತ್ರದ ಸಾಧಕರ ಗೌರವ ಪಟ್ಟಿಗೆ, ಸೇರಿಸಿದರು. ಅವರು ಮಾಡಿದ ಕೆಲವು ಕುದುರೆ ಗಾಡಿಗಳು ಇನ್ನೂ ಇವೆ. ಕಾರು ಮಾತ್ರ ಒಂದೂ ಸಿಕ್ಕಿಲ್ಲ. ಯಾವುದೋ ಹಳೆಯ ಕೊಟ್ಟಿಗೆಯ ಮೂಲೆಯಲ್ಲಿ, ಟಾರ್ಪಾಲಿನ ಕೆಳಗೆ, ಒಂದಾದರೂ ಉಳಿದಿರಲಿ ಅಂತ ನನ್ನ ಆಸೆ.

ನಮಸ್ಕಾರ.