25 ಗಂಟೆಯ ದಿನ

ಇದು ನಮ್ಮ ಕ್ಯಾಬಿನ್‌ನ ಬಾಲ್ಕನಿ. ಬೆಳಗಿನ ಆರು ಗಂಟೆ. ಈಗಷ್ಟೇ ಬೆಳಕು ಹರಿಯುತ್ತಿದೆ. ಎದುರಿಗೆ ನೀರು, ಎಡಕ್ಕೆ ನೀರು, ಬಲಕ್ಕೂ ನೀರು. ಮೇಲಿನ ಡೆಕ್‌ಗೆ ಹೋಗಿ ಒಂದು ಸುತ್ತು ಹಾಕಿದರೂ ಅಷ್ಟೇ, ನೆಲ ಅನ್ನುವುದು ಎಲ್ಲೂ ಕಣ್ಣಿಗೆ ಬೀಳುವುದಿಲ್ಲ.

ನಾವು ಅಟ್ಲಾಂಟಿಕ್ ದಾಟುತ್ತಿದ್ದೇವೆ. ಕ್ಯಾನರಿ ದ್ವೀಪಗಳ ಲಾಸ್ ಪಾಲ್ಮಾಸ್ ಬಂದರಿನಿಂದ ಹೊರಟಿದ್ದು, ಹೋಗುತ್ತಿರುವುದು ಕೆರಿಬಿಯನ್‌ನ ಬಾರ್ಬಡೋಸ್‌ಗೆ. 2,600 ನಾಟಿಕಲ್ ಮೈಲಿಗೂ (ಕಡಲ ಮೈಲಿ) ಜಾಸ್ತಿ ದೂರ, ಅಂದರೆ 4,800 ಕಿಲೋಮೀಟರ್‌ಗೂ ಜಾಸ್ತಿ. ಆರು ರಾತ್ರಿ. ನಡುವೆ ಎಲ್ಲೂ ನಿಲ್ಲುವುದಿಲ್ಲ. ಹೀಗೆ ಬಂದರು ಮುಟ್ಟದೆ ಪೂರ್ತಿ ಸಾಗುತ್ತಲೇ ಇರುವ ದಿನಕ್ಕೆ ಹಡಗಿನಲ್ಲಿ ಸೀ ಡೇ ಅನ್ನುತ್ತಾರೆ. ಇವತ್ತು ಮೂರನೆಯದು.

ಟಿಕೆಟ್ ಮಾಡಿಸುವಾಗ ನಾನು ಸೀ ಡೇ ಕಡಿಮೆ ಇರುವ ಪ್ರವಾಸವನ್ನೇ ಹುಡುಕುತ್ತಿದ್ದೆ. ಅಮ್ಮ ಒಪ್ಪಲಿಲ್ಲ. "ಹಡಗು ಹತ್ತೋದೇ ಕಡಲು ನೋಡೋಕೆ ಅಲ್ವಾ?" ಅಂದರು. ಅಮ್ಮ ಮೂವತ್ತು ವರ್ಷ ಭೂಗೋಳ ಪಾಠ ಮಾಡಿದವರು. ಗೋಡೆಗೆ ತೂಗುಹಾಕಿದ ಭೂಪಟದಲ್ಲಿ ಕೋಲು ಇಟ್ಟು ತೋರಿಸುತ್ತಿದ್ದ ಆ ನೀಲಿ ಜಾಗದ ನಟ್ಟನಡುವೆ ಅವರು ಈಗ ಕಾಫಿ ಹಿಡಿದು ಕೂತಿದ್ದಾರೆ.

ಇಗೋ, ಇದು ಅವರ ನೋಟ್‌ಬುಕ್. ಸ್ವಲ್ಪ ಹತ್ತಿರದಿಂದ ತೋರಿಸುತ್ತೇನೆ. ದಿನಕ್ಕೆ ಒಂದು ಪುಟ. ಮೇಲೆ ತಾರೀಕು, ಕೆಳಗೆ ನಾಲ್ಕು ಸಾಲು: ಅಕ್ಷಾಂಶ, ರೇಖಾಂಶ, ಆಳ, ಗಾಳಿ. ಪುಟದ ಮೂಲೆಯಲ್ಲಿ ಒಂದು ಪುಟ್ಟ ಗಡಿಯಾರದ ಚಿತ್ರ. ಯಾವ ರಾತ್ರಿ ಗಡಿಯಾರ ಹಿಂದಕ್ಕೆ ಹೋಯಿತೋ ಆ ಪುಟದಲ್ಲಿ ಮಾತ್ರ ಅದನ್ನು ಬಿಡಿಸಿದ್ದಾರೆ.

ಅದು ನನಗೆ ತುಂಬ ಇಷ್ಟವಾದ ವಿಷಯ. ಭೂಮಿ ಗಂಟೆಗೆ 15 ಡಿಗ್ರಿ ತಿರುಗುತ್ತದೆ. ನಾವು ಪಶ್ಚಿಮಕ್ಕೆ ಹೋಗುತ್ತಿದ್ದೇವೆ, ಹೋದಷ್ಟೂ ಸೂರ್ಯ ತಡವಾಗಿ ಹುಟ್ಟುತ್ತಾನೆ. ಹಾಗಾಗಿ ಈ ದಾರಿಯಲ್ಲಿ ನಾಲ್ಕು ರಾತ್ರಿ ಗಡಿಯಾರವನ್ನು ಒಂದೊಂದು ಗಂಟೆ ಹಿಂದಕ್ಕೆ ಇಡಬೇಕು. ಅಂದರೆ ನಾಲ್ಕು ಸಲ ನಮಗೆ 25 ಗಂಟೆಯ ದಿನ ಸಿಗುತ್ತದೆ. ವಿಮಾನದಲ್ಲಿ ಬಂದಿದ್ದರೆ ಇದೇ ನಾಲ್ಕು ಗಂಟೆ ತಲೆನೋವಾಗಿ ಕಾಡುತ್ತಿತ್ತು. ಇಲ್ಲಿ ಅದು ನಿದ್ದೆಯಾಗಿ ಕೈಗೆ ಬರುತ್ತದೆ.

ತಿಂಡಿ ಆಯಿತು. ಈಗ ನಡಿಗೆ. ಇಲ್ಲೊಂದು ವಿಚಿತ್ರ ನೋಡಿ. ಕಡಲ ತುಂಬ ಬಿಳಿ ನೊರೆ ಏಳುತ್ತಿದೆ, ಗಾಳಿ ಜೋರಾಗಿಯೇ ಇದೆ ಅಂತ ಅರ್ಥ. ಆದರೆ ಡೆಕ್ ಮೇಲೆ ಒಂದು ಎಲೆಯೂ ಅಲ್ಲಾಡುವಷ್ಟು ಗಾಳಿ ಇಲ್ಲ. ಹಿಂಬದಿಯ ಬಾವುಟ ಜೋತುಬಿದ್ದಿದೆ. ಹೊಗೆಗೊಳವೆಯಿಂದ ಹೊಗೆ ನೆಟ್ಟಗೆ ಮೇಲಕ್ಕೆ ಹೋಗುತ್ತಿದೆ. ಮೊದಲು ನನಗೆ ಅರ್ಥವಾಗಲಿಲ್ಲ. ಅಮ್ಮ ಬಾವುಟ ನೋಡಿದ ತಕ್ಷಣ ಹೇಳಿದರು: ಗಾಳಿ ಹಿಂದಿನಿಂದ ಬೀಸುತ್ತಿದೆ, ಹೆಚ್ಚು ಕಡಿಮೆ ಹಡಗಿನ ವೇಗದಲ್ಲೇ. ಹಡಗು ಗಂಟೆಗೆ 19 ನಾಟಿಕಲ್ ಮೈಲಿ ಓಡುತ್ತಿದೆ, ಗಾಳಿಯೂ ಪಕ್ಕದಲ್ಲೇ ಅಷ್ಟೇ ಓಡುತ್ತಿದೆ. ಅದಕ್ಕೇ ನಮಗೆ ತಾಕುತ್ತಿಲ್ಲ.

ಶಾಲೆಯಲ್ಲಿ ವಾಣಿಜ್ಯ ಮಾರುತ ಅಂತ ಓದಿದ್ದೆವಲ್ಲ, ಇದೇ ಅದು. ಈಶಾನ್ಯದಿಂದ ಬೀಸುವ ಗಾಳಿ. ಕೊಲಂಬಸ್‌ನ ಮೂರು ಹಡಗುಗಳು 1492ರ ಸೆಪ್ಟೆಂಬರ್ 6ರಂದು ಇದೇ ಕ್ಯಾನರಿ ದ್ವೀಪಗಳ ಲಾ ಗೋಮೇರಾದಿಂದ ಹೊರಟು ಇದೇ ಗಾಳಿ ನಂಬಿಕೊಂಡು ಬಂದವು. ಅವರಿಗೆ ನೆಲ ಕಂಡಿದ್ದು ಅಕ್ಟೋಬರ್ 12ಕ್ಕೆ. ಮೂವತ್ತಾರು ದಿನ! ಮುಂದೆ ಏನಿದೆ ಅಂತಲೇ ಗೊತ್ತಿಲ್ಲದ ಮೂವತ್ತಾರು ಸೀ ಡೇ. ಅಮ್ಮ ಟೋಪಿ ತೆಗೆದು, ಕೈ ಚಾಚಿ, ಆ ಇಲ್ಲದ ಗಾಳಿಯನ್ನು ಮುಟ್ಟಿ ನೋಡಿದರು. "ಎಷ್ಟು ಬ್ಯಾಚ್‌ಗೆ ಪಾಠ ಮಾಡಿದೀನಿ ಇದನ್ನ" ಅಂದರು. ಆಮೇಲೆ ಸುಮಾರು ಹೊತ್ತು ಮಾತಾಡಲಿಲ್ಲ. ನಾನೂ ಕ್ಯಾಮೆರಾ ಆಫ್ ಮಾಡಿದೆ.

ಮುಂಭಾಗದ ಕಟಾಂಜನದ ಹತ್ತಿರ ಹಾರುಮೀನು ಕಾಣುತ್ತವೆ. ಹಡಗು ಬರುವ ಸದ್ದಿಗೆ ಹೆದರಿ ನೀರಿನಿಂದ ಚಿಮ್ಮುತ್ತವೆ. ಈ ಶಾಟ್ ನಿಧಾನ ಮಾಡಿದ್ದೇನೆ, ಬಾಲ ನೋಡಿ. ಮೈ ಪೂರ್ತಿ ಮೇಲೆ ಬಂದಿದ್ದರೂ ಬಾಲದ ಕೆಳತುದಿ ಮಾತ್ರ ಇನ್ನೂ ನೀರಲ್ಲೇ ಇದೆ, ಪಟಪಟ ಅಂತ ಬಡಿಯುತ್ತಿದೆ. ನೀರ ಮೇಲೆ ಹೊಲಿಗೆ ಹಾಕಿದ ಹಾಗೆ ಒಂದು ಗೆರೆ ಬೀಳುತ್ತದೆ. ವೇಗ ಸಾಕು ಅನಿಸಿದಾಗ ಮೇಲಕ್ಕೆ ಎದ್ದು ತೇಲಿಬಿಡುತ್ತದೆ. ರೆಕ್ಕೆ ಬಡಿಯುವುದೇ ಇಲ್ಲ, ಬರೀ ಹರಡಿಕೊಂಡಿರುತ್ತದೆ. ಈ ಒಂದು ಶಾಟ್‌ಗೆ ಮುಕ್ಕಾಲು ಗಂಟೆ ನಿಂತಿದ್ದೆ. ಬಂದರಿನ ದಿನವಾಗಿದ್ದರೆ ಇಷ್ಟು ಹೊತ್ತು ಎಲ್ಲಿ ಸಿಗುತ್ತಿತ್ತು?

ಹನ್ನೆರಡು ಗಂಟೆಗೆ ಇಡೀ ಹಡಗು ಒಂದು ನಿಮಿಷ ಸುಮ್ಮನಾಗುತ್ತದೆ. ಸ್ಪೀಕರ್‌ನಲ್ಲಿ ಕ್ಯಾಪ್ಟನ್ ಧ್ವನಿ. ಅಮ್ಮ ಪೆನ್ನು ತೆರೆದಿಟ್ಟುಕೊಂಡು ಕಾಯುತ್ತಿದ್ದರು. ಉತ್ತರ ಅಕ್ಷಾಂಶ 22 ಡಿಗ್ರಿ, ಪಶ್ಚಿಮ ರೇಖಾಂಶ 38 ಡಿಗ್ರಿ. ಕೆಳಗೆ ನಾಲ್ಕು ಸಾವಿರ ಮೀಟರ್‌ಗೂ ಜಾಸ್ತಿ ನೀರು. ಹತ್ತಿರದ ನೆಲ ಅಂದರೆ ಕೇಪ್ ವರ್ಡ್ ದ್ವೀಪಗಳು, ಅದೂ 1,300 ಕಿಲೋಮೀಟರ್‌ಗಿಂತ ದೂರ. ಕೊನೆಗೆ ಒಂದು ಮಾತು ಸೇರಿಸಿದರು: ಇವತ್ತಿಗೆ ಸರಿಯಾಗಿ ಅರ್ಧ ದಾರಿ. ಪಕ್ಕದ ಮೇಜಿನವರು ಚಪ್ಪಾಳೆ ತಟ್ಟಿದರು. ಅಮ್ಮ ಪುಟದಲ್ಲಿ 'ಅರ್ಧ' ಅಂತ ಬರೆದು ಕೆಳಗೆ ಎರಡು ಗೆರೆ ಎಳೆದರು.

ಮಧ್ಯಾಹ್ನದ ಬಗ್ಗೆ ಹೇಳೋಕೆ ಜಾಸ್ತಿ ಇಲ್ಲ. ಊಟ, ಒಂದು ಉಪನ್ಯಾಸ, ಟೀ ಹೊತ್ತಿಗೆ ಪಿಯಾನೋ. ಈಜುಕೊಳದ ನೀರು ಮಾತ್ರ ನೋಡಿ: ಎಡಕ್ಕೆ ವಾಲುತ್ತದೆ, ತಡೆಯುತ್ತದೆ, ಬಲಕ್ಕೆ ವಾಲುತ್ತದೆ. ಹಡಗಿನ ಹೊಟ್ಟೆಯ ಎರಡೂ ಕಡೆ ಮೀನಿನ ಈಜುರೆಕ್ಕೆಯಂಥ ಸ್ಟೆಬಿಲೈಸರ್‌ಗಳಿವೆ, ಓಲಾಟವನ್ನು ಬಹಳಷ್ಟು ಅವೇ ತಡೆಯುತ್ತವೆ. ಆದರೂ ಕಡಲು ಇಲ್ಲಿ ತನ್ನ ಗುರುತು ತೋರಿಸುತ್ತದೆ.

ಸೀ ಡೇ ಎಲ್ಲರಿಗೂ ಬಿಡುವಿನ ದಿನ ಅಲ್ಲ. ನಾವೆಲ್ಲ ಹಡಗಿನಲ್ಲೇ ಇರುತ್ತೇವೆ, ಹಾಗಾಗಿ ಸಿಬ್ಬಂದಿಗೆ ಕೆಲಸ ಇನ್ನೂ ಜಾಸ್ತಿ. ಬೆಳಗ್ಗೆ ನಾನು ಬಾಲ್ಕನಿಯ ಕಂಬಿ ಮೇಲೆ ಬೆರಳು ಎಳೆದು ನಾಲಗೆಗೆ ಮುಟ್ಟಿಸಿದೆ, ಬರೀ ಉಪ್ಪು. ರಾತ್ರಿಯಿಡೀ ಕೂತ ಈ ಉಪ್ಪನ್ನು ಸಿಹಿನೀರು ಹಾಕಿ ಒರೆಸುವವರಿದ್ದಾರೆ. ಆ ಸಿಹಿನೀರನ್ನೂ ಕಡಲ ನೀರಿನಿಂದ ಹಡಗಿನಲ್ಲೇ ತಯಾರಿಸುತ್ತಾರೆ. ನಮ್ಮ ಕ್ಯಾಬಿನ್ ನೋಡಿಕೊಳ್ಳುವ ಹುಡುಗನದು ಎಂಟು ತಿಂಗಳ ಕಾಂಟ್ರಾಕ್ಟ್, ಮನೆಗೆ ಹೋಗೋಕೆ ಇನ್ನೂ ಮೂರು ತಿಂಗಳಿದೆ. ಸಂಜೆ ಅವನು ಬಂದಾಗ ಅಮ್ಮ ನೋಟ್‌ಬುಕ್ ತೋರಿಸಿದರು. ಅವನು ಇವತ್ತಿನ ಪುಟವನ್ನು ಫೋಟೋ ತೆಗೆದುಕೊಂಡ. ತಾನು ಈಗ ಎಲ್ಲಿದ್ದೇನೆ ಅಂತ ಮಗಳಿಗೆ ಕಳಿಸುತ್ತಾನಂತೆ. ಅಮ್ಮ ತಕ್ಷಣ ಇನ್ನೊಂದು ಹಾಳೆ ತೆಗೆದು ಎರಡು ಖಂಡ, ನಡುವೆ ಕಡಲು, ಕಡಲ ನಡುವೆ ಒಂದು ಚುಕ್ಕೆ ಬರೆದುಕೊಟ್ಟರು. ಮಗುವಿಗೆ ಅಂಕಿಗಿಂತ ಅದು ಬೇಗ ಅರ್ಥವಾಗುತ್ತದೆ, ಅಲ್ವಾ?

ಈಗ ರಾತ್ರಿ ಹತ್ತೂವರೆ. ಗಡಿಯಾರ ಒಂದು ಗಂಟೆ ಹಿಂದಕ್ಕೆ ಇಡಬೇಕು ಅಂತ ಹಾಸಿಗೆ ಮೇಲೆ ಚೀಟಿ ಇಟ್ಟು ಹೋಗಿದ್ದಾರೆ. ಅಮ್ಮ ಆಗಲೇ ತಿರುಗಿಸಿದ್ದಾರೆ. ಅದರ ಜೊತೆ ಐದು ಗಂಟೆಗೆ ಅಲಾರಾಂ ಕೂಡ ಇಟ್ಟಿದ್ದಾರೆ. ನಾಳೆ ಬೆಳಗಿನ ಜಾವದ ಹೊತ್ತಿಗೆ ನಾವು ಅಟ್ಲಾಂಟಿಕ್‌ನ ನಡುವಿನ ಬೆಟ್ಟಸಾಲಿನ ಮೇಲೆ ಹೋಗುತ್ತೇವೆ. ಉತ್ತರದಿಂದ ದಕ್ಷಿಣಕ್ಕೆ ಕಡಲ ತಳದಲ್ಲಿ ಉದ್ದಕ್ಕೂ ಹಬ್ಬಿರುವ ಸಾಲು ಅದು. ಅಲ್ಲಿ ಭೂಮಿ ಬಿರಿದು ವರ್ಷಕ್ಕೆ ಕೆಲವೇ ಸೆಂಟಿಮೀಟರ್‌ನಂತೆ ಹೊಸ ನೆಲ ಹುಟ್ಟುತ್ತಿದೆ.

"ಅಮ್ಮ, ಅದು ಸಾವಿರಾರು ಮೀಟರ್ ಕೆಳಗಿದೆ. ಮೇಲೆ ಬರೀ ನೀರೇ ಕಾಣೋದು" ಅಂದೆ.

"ಗೊತ್ತು. ನೀನು ಮಲಕ್ಕೋ, ನಾನು ಹೋಗ್ತೀನಿ" ಅಂದರು.

ನಾನೂ ಕ್ಯಾಮೆರಾ ಚಾರ್ಜಿಗೆ ಹಾಕಿದ್ದೇನೆ.