ಗೊಂಬೆ ನೋಡಲು ಬಂದವರನ್ನು ಬರಿಗೈಲಿ ಕಳಿಸಬೇಡಿ

ವೇದಿಕೆ ಮೇಲಿರುವ ಹಿರಿಯರಿಗೆ, ಮಂಡ್ಯದ ವರ್ತಕ ಬಂಧುಗಳಿಗೆ, ಸ್ವಸಹಾಯ ಸಂಘಗಳಿಂದ ಬಂದಿರುವ ಅಕ್ಕ ತಂಗಿಯರಿಗೆ ನಮಸ್ಕಾರ.

ಬೆಳಿಗ್ಗೆ ಮೈಸೂರಿನಿಂದ ಬಸ್ಸಿನಲ್ಲಿ ಬರುವಾಗ ನನ್ನ ಪಕ್ಕ ಕೂತಿದ್ದ ಹುಡುಗಿ ಫೋನಿನಲ್ಲಿ ಒಂದು ಪೋಸ್ಟರ್ ನೋಡುತ್ತಿದ್ದಳು. ಪೇಜ್ ಫಾಲೋ ಮಾಡಿ, ಐದು ಜನರನ್ನು ಟ್ಯಾಗ್ ಮಾಡಿ, ಹತ್ತು ವಾಟ್ಸ್‌ಆ್ಯಪ್ ಗ್ರೂಪಿಗೆ ಕಳಿಸಿ, ಸ್ಕೂಟರ್ ಗೆಲ್ಲಿ ಅಂತ. ಯಾವತ್ತು ಕೊನೆ, ಯಾರು ಆರಿಸುತ್ತಾರೆ, ಅಂಗಡಿ ಎಲ್ಲಿದೆ, ಒಂದೂ ಇಲ್ಲ. ಬಸ್ಸು ಶ್ರೀರಂಗಪಟ್ಟಣ ದಾಟುವಷ್ಟರಲ್ಲಿ ಅವಳು ಐದು ಜನರನ್ನೂ ಟ್ಯಾಗ್ ಮಾಡಿ ಮುಗಿಸಿದ್ದಳು. ನಾನು ಇವತ್ತು ಬರೆದುಕೊಂಡು ಬಂದಿದ್ದ ಕ್ರಮವೇ ಬೇರೆ. ಆ ಪೋಸ್ಟರ್ ನೋಡಿದ ಮೇಲೆ ಮನಸ್ಸು ತಡೆಯಲಿಲ್ಲ, ಅಲ್ಲಿಂದಲೇ ಶುರು ಮಾಡುತ್ತೇನೆ.

ನಾನು ಜಾಹೀರಾತು ಓದಿಕೊಂಡವಳಲ್ಲ. ಮೈಸೂರಿನ ಶಿವರಾಂಪೇಟೆಯಲ್ಲಿ ನಮ್ಮದು ಸೀರೆ, ರವಿಕೆ ಕಣದ ಅಂಗಡಿ. ಅತ್ತೆಯವರ ಕಾಲದಿಂದ ಇದೆ. ಫೇಸ್‌ಬುಕ್, ಇನ್‌ಸ್ಟಾಗ್ರಾಂ ಎರಡರಲ್ಲೂ ಪೇಜ್ ಇದೆ, ಹಬ್ಬ ಬಂದಾಗ ಸ್ಪರ್ಧೆ ಇಡುತ್ತೇವೆ. ಗೌರಿ ಗಣೇಶ, ದಸರಾ, ದೀಪಾವಳಿ ಸಾಲಾಗಿ ಬರುತ್ತಿವೆ. ಇಲ್ಲಿ ಕೂತಿರುವವರಲ್ಲಿ ಅರ್ಧ ಜನ ಈ ಸಲ ಏನಾದರೊಂದು ಸ್ಪರ್ಧೆ, ಲಕ್ಕಿ ಡಿಪ್ಪು, ಆಫರ್ ಅಂತ ಇಡುತ್ತೀರಿ. ಇಡಿ. ಜನ ಸೇರುವ ಕಡೆ ಅಂಗಡಿ ಹಾಕೋದು ನಮ್ಮ ಸೀಮೆಗೆ ಹೊಸದಲ್ಲ. ಮೈಸೂರಿನಲ್ಲಿ ದಸರಾ ವಸ್ತುಪ್ರದರ್ಶನ ಶುರುವಾಗಿದ್ದು 1880ರಲ್ಲಿ, ಹತ್ತನೇ ಚಾಮರಾಜ ಒಡೆಯರ ಕಾಲದಲ್ಲಿ. ನಿಮ್ಮ ಅಜ್ಜಂದಿರು ಗಾಡಿ ಕಟ್ಟಿಕೊಂಡು ಬಂದು ಅದನ್ನು ನೋಡಿ ಹೋಗಿರುತ್ತಾರೆ.

ಈಗ ನನ್ನ ಅಂಗಡಿಯ ಕಥೆ. ಇದನ್ನು ಹೇಳದೆ ನನಗೆ ಮುಂದಕ್ಕೆ ಹೋಗಲಾಗಲ್ಲ.

ಕೆಲವು ವರ್ಷದ ಹಿಂದೆ ನವರಾತ್ರಿಗೆ ಗೊಂಬೆ ಫೋಟೊ ಸ್ಪರ್ಧೆ ಇಟ್ಟೆ. ನಿಮ್ಮ ಮನೆಯ ಗೊಂಬೆ ಫೋಟೊ ಕಳಿಸಿ, ಪೇಜಿನಲ್ಲಿ ಹಾಕುತ್ತೇವೆ, ಯಾರ ಫೋಟೊಗೆ ಹೆಚ್ಚು ಲೈಕ್ ಬರುತ್ತೋ ಅವರಿಗೆ ರೇಷ್ಮೆ ಸೀರೆ. ಇಷ್ಟೇ ನಿಯಮ, ಮೂರು ಸಾಲು. ಫೋಟೊ ಬಂದವು ನೋಡಿ, ಕುವೆಂಪುನಗರ, ಸರಸ್ವತಿಪುರಂ, ನಂಜನಗೂಡು, ನಿಮ್ಮ ಮದ್ದೂರು, ಮಳವಳ್ಳಿಯಿಂದಲೂ ಬಂದವು. ನನಗೆ ಆಕಾಶ ಮೂರೇ ಗೇಣು. ಎಂಟನೇ ದಿನ ರಾತ್ರಿ ಮಲಗುವಾಗ ಮುಂದಿದ್ದ ಫೋಟೊಗೆ ಮುನ್ನೂರು ಚಿಲ್ಲರೆ ಲೈಕ್ ಇತ್ತು. ಬೆಳಿಗ್ಗೆ ಎದ್ದು ನೋಡಿದರೆ ಅಲ್ಲಿಯವರೆಗೆ ಹಿಂದೆಲ್ಲೋ ಇದ್ದ ಒಂದು ಫೋಟೊ ಎರಡು ಸಾವಿರ ದಾಟಿತ್ತು. ಲೈಕ್ ಕೊಟ್ಟವರ ಹೆಸರು ತೆಗೆದು ಓದಿದೆ. ನಮ್ಮ ಊರಿನವರಿರಲಿ, ನಮ್ಮ ದೇಶದವರೂ ಅಲ್ಲ. ಅರ್ಧ ಜನಕ್ಕೆ ಮುಖದ ಫೋಟೊನೇ ಇಲ್ಲ. ದುಡ್ಡು ಕೊಟ್ಟರೆ ಲೈಕ್ ಸಿಗುತ್ತೆ ಅನ್ನೋದು ನನಗೆ ಗೊತ್ತಾಗಿದ್ದೇ ಆವತ್ತು. ಏನು ಮಾಡಲಿ? ಹೆಚ್ಚು ಲೈಕ್ ಬಂದವರಿಗೆ ಅಂತ ನಾನೇ ಬರೆದಿದ್ದೆ. ಸೀರೆ ಕೊಟ್ಟೆ.

ವಿಜಯದಶಮಿ ಆಗಿ ಎರಡು ದಿನಕ್ಕೆ ಒಬ್ಬರು ಅಜ್ಜಿ ಅಂಗಡಿಗೆ ಬಂದರು. ಶ್ರೀರಂಗಪಟ್ಟಣದ ಕಡೆಯವರು, ಮೊಮ್ಮಗನ ಕೈಲಿ ಫೋಟೊ ಕಳಿಸಿದ್ದರಂತೆ. ಗಾಜು ಸೀಳಿ, ರಬ್ಬರ್ ಬ್ಯಾಂಡ್ ಸುತ್ತಿದ್ದ ಫೋನು. ಗಲ್ಲಾಪೆಟ್ಟಿಗೆ ಮೇಲೆ ಇಟ್ಟು ಫೋಟೊ ತೋರಿಸಿದರು. ಟ್ರಂಕು, ಅಕ್ಕಿ ಡಬ್ಬ, ಅದರ ಮೇಲೊಂದು ಹಲಗೆ, ಎಲ್ಲಕ್ಕೂ ಬಿಳಿ ಪಂಚೆ ಹೊದಿಸಿ ಮೂರು ಮೆಟ್ಟಿಲು ಮಾಡಿದ್ದರು. ಮೇಲೆ ಪಟ್ಟದ ಗೊಂಬೆ, ರಾಣಿಯ ಮೂಗಿನ ಬಣ್ಣ ಉಜ್ಜಿ ಹೋಗಿತ್ತು. ಕೆಳಗೆ ಶೆಟ್ಟರು, ಶೆಟ್ಟಮ್ಮ, ಅವರ ಮುಂದೆ ಬೇಳೆಕಾಳಿನ ಅಂಗಡಿ. ಅಳತೆಯ ಪಾವು, ಸೇರಿಗೆ ಬದಲು ಸೋಡಾ ಬಾಟಲಿ ಮುಚ್ಚಳ ಇಟ್ಟಿದ್ದರು. ನಲವತ್ತೊಂದು ಲೈಕ್ ಬಂದಿತ್ತು. ಅಜ್ಜಿ ಜಗಳಕ್ಕೆ ಬಂದಿರಲಿಲ್ಲ. "ನಮ್ ಗೊಂಬೆ ಏನ್ ಕಮ್ಮಿ ಆಗಿತ್ತು ಕಣವ್ವಾ? ಮುಂದ್ಲೊರ್ಸ ಸರಿ ಮಾಡ್ಕೊಂತೀನಿ, ಹೇಳು" ಅಂದರು.

ಅವರಿಗೆ ಏನು ಹೇಳಲಿ? ಗೊಂಬೆಯಲ್ಲಿ ಏನೂ ಕಮ್ಮಿ ಇರಲಿಲ್ಲ. ಅದನ್ನು ಯಾರೂ ನೋಡಿಯೇ ಇರಲಿಲ್ಲ, ನಾನೂ ನೋಡಿರಲಿಲ್ಲ. ಲೈಕ್ ಎಣಿಸುವುದರಲ್ಲೇ ನನ್ನ ಒಂಬತ್ತು ದಿನ ಕಳೆದಿತ್ತು. ಅಜ್ಜಿ ಒಂದು ಲೋಟ ನೀರು ಕುಡಿದು ಹೊರಟರು. ಬಾಗಿಲ ತನಕ ಹೋದ ಮೇಲೆ ನನಗೆ ಥಟ್ಟನೆ ಹೊಳೆಯಿತು. ಗೊಂಬೆ ತಂದವರನ್ನು ನಾನು ಬರಿಗೈಲಿ ಕಳಿಸುತ್ತಿದ್ದೇನೆ!

ನಮ್ಮ ಕಡೆ ಗೊಂಬೆ ಕೂರಿಸಿದ ಮನೆಗೆ ಬೀದಿ ಮಕ್ಕಳೆಲ್ಲ ಬರುತ್ತಾರೆ. ಹಾಡು ಬಂದವರು ಹಾಡುತ್ತಾರೆ, ಬಾರದವರು ನಿಂತು ನೋಡುತ್ತಾರೆ. ಹಾಡಿದ ಮಗುವಿಗೆ ಮಾತ್ರ ಚಕ್ಕುಲಿ ಅಂತ ಯಾವ ತಾಯಿಯಾದರೂ ಹೇಳಿದ್ದುಂಟಾ? ಬಂದವರಿಗೆಲ್ಲ ಗೊಂಬೆ ಬಾಗಿನ. ಅದಕ್ಕೇ ಮರುದಿನವೂ ಆ ಮನೆ ಮುಂದೆ ಮಕ್ಕಳು. ನಾವು ಅಂಗಡಿಯವರು ಸ್ಪರ್ಧೆ ಇಟ್ಟರೆ ಗೆಲ್ಲೋದು ಒಬ್ಬರು, ಇಬ್ಬರು. ಮಿಕ್ಕ ನೂರಾರು ಜನ ನಮ್ಮ ಹೆಸರು ಕೇಳಿ, ನಮ್ಮನ್ನು ನಂಬಿ ಕೈಲಾದದ್ದು ಮಾಡಿ ಕಳಿಸಿದವರು. ನಾಳೆ ನಮ್ಮ ಗಿರಾಕಿಗಳಾಗಬೇಕಾದವರು ಅವರು. ಅವರ ಕೈಗೆ ಏನು ಕೊಟ್ಟಿರಿ? ಇವತ್ತು ನಾನು ಹೇಳೋದೆಲ್ಲ ಸುತ್ತಿ ಬಳಸಿ ಇದೊಂದೇ ಮಾತು, ಬೇಸರ ಮಾಡಿಕೊಳ್ಳಬೇಡಿ.

ಮುಂದಿನ ವರ್ಷ ಲೈಕ್ ಲೆಕ್ಕ ಬಿಟ್ಟೆ. ಮೂವರು ತೀರ್ಪುಗಾರರು: ಒಬ್ಬರು ಶಾಲೆಯ ಚಿತ್ರಕಲೆ ಮೇಷ್ಟ್ರು, ಇನ್ನೊಬ್ಬರು ವರ್ಷಗಳಿಂದ ಗೊಂಬೆ ಕೂರಿಸುವ ಹಿರಿಯರು, ಮತ್ತೊಬ್ಬರು ನಮ್ಮ ಗಿರಾಕಿ. ಜೋಡಣೆಗೆ ಹತ್ತು ಅಂಕ, ಗೊಂಬೆ ಹೇಳುವ ಕಥೆಗೆ ಹತ್ತು, ಮನೆಯಲ್ಲೇ ಮಾಡಿದ ಗೊಂಬೆ ಇದ್ದರೆ ಐದು. ಇದನ್ನು ಮಹಾಲಯ ಅಮಾವಾಸ್ಯೆಗೆ ಮುಂಚೆಯೇ ಬರೆದು ಹಾಕಿದೆವು. ಕೊನೆ ದಿನ, ಕೊನೆ ಗಂಟೆ ಹಾಕಿದೆವು. ನಮ್ಮ ಮನೆಯವರು, ಅಂಗಡಿ ಕೆಲಸದವರು ಸೇರುವಂತಿಲ್ಲ ಅಂತ ಹಾಕಿದೆವು. ಫಲಿತಾಂಶವನ್ನು ಲೈವ್‌ನಲ್ಲಿ ಅಂಕದ ಸಮೇತ ಓದಿದೆವು. ಭಾಗವಹಿಸಿದ ಪ್ರತಿಯೊಬ್ಬರಿಗೂ ಅಂಗಡಿಗೆ ಬಂದರೆ ಗೊಂಬೆ ಬಾಗಿನ: ಅರಿಶಿನ ಕುಂಕುಮ, ಒಂದು ರವಿಕೆ ಕಣ, ಅವರ ಗೊಂಬೆಯ ಬಗ್ಗೆ ಕೈಯಲ್ಲಿ ಬರೆದ ಎರಡು ಸಾಲಿನ ಚೀಟಿ. ಏನೂ ಕೊಳ್ಳಬೇಕಾಗಿಲ್ಲ ಅಂತ ದಪ್ಪಕ್ಷರದಲ್ಲಿ ಬರೆದೆವು. ಆ ಚೀಟಿ ಬರೆಯಲು ನಾನೂ ನನ್ನ ಮಗಳೂ ಮೂರು ರಾತ್ರಿ ಕೂತೆವು. ಜನ ಬಂದರು. ಬಂದವರು ಅತ್ತಿಗೆ, ನಾದಿನಿ, ಪಕ್ಕದ ಮನೆಯವರನ್ನು ಕರಕೊಂಡು ಬಂದರು. ಆ ಅಜ್ಜಿಯೂ ಬಂದರು. ಗೆದ್ದಿರಲಿಲ್ಲ. ಚೀಟಿಯನ್ನು ಮೊಮ್ಮಗನ ಕೈಲಿ ಎರಡು ಸಲ ಓದಿಸಿ, ಮಡಚಿ ಎಲೆಅಡಿಕೆ ಚೀಲದಲ್ಲಿ ಇಟ್ಟುಕೊಂಡರು.

ಸರಿ, ಈಗ ಬಸ್ಸಿನ ಪೋಸ್ಟರಿಗೆ ಬರೋಣ. ಟ್ಯಾಗ್ ಮಾಡಿ, ಶೇರ್ ಮಾಡಿ ಅನ್ನೋದನ್ನು ಎಲ್ಲರೂ ಮಾಡುತ್ತಾರೆ, ನಾವೂ ಮಾಡೋಣ ಅಂತ ನೀವು ಅಂದುಕೊಂಡಿದ್ದೀರಿ. ಫೇಸ್‌ಬುಕ್‌ನ ನಿಯಮವೇ ಅದಕ್ಕೆ ವಿರುದ್ಧ. ನಿಮ್ಮ ಪೇಜಿನಲ್ಲಿ ಸ್ಪರ್ಧೆ ಇಡಬಹುದು. ಕಾಮೆಂಟ್ ಹಾಕಿ, ಉತ್ತರ ಬರೆಯಿರಿ, ಫೋಟೊ ಕಳಿಸಿ ಅನ್ನಬಹುದು. ಆದರೆ ಸ್ಪರ್ಧೆಗೆ ಸೇರಲು ನಿಮ್ಮ ಟೈಮ್‌ಲೈನಿನಲ್ಲಿ ಶೇರ್ ಮಾಡಿ, ಸ್ನೇಹಿತರನ್ನು ಟ್ಯಾಗ್ ಮಾಡಿ ಅಂತ ಷರತ್ತು ಹಾಕುವ ಹಾಗಿಲ್ಲ. ಫೋಟೊದಲ್ಲಿ ಇಲ್ಲದವರನ್ನು ಫೋಟೊಗೆ ಟ್ಯಾಗ್ ಮಾಡಿಸುವುದು ಇನ್‌ಸ್ಟಾಗ್ರಾಂನಲ್ಲೂ ಸಲ್ಲದು. ಪೇಜ್ ಲೈಕ್ ಮಾಡಿದವರಿಗಷ್ಟೇ ಬಾಗಿಲು ತೆಗೆಯುವ ಪದ್ಧತಿಯನ್ನು ಫೇಸ್‌ಬುಕ್ 2014ರಲ್ಲೇ ನಿಲ್ಲಿಸಿತು. ಲೈಕ್ ಕೊಡಿ, ಟ್ಯಾಗ್ ಮಾಡಿ ಅಂತ ಗೋಗರೆಯುವ ಪೋಸ್ಟುಗಳನ್ನು ಕಡಿಮೆ ಜನಕ್ಕೆ ತೋರಿಸುತ್ತೇವೆ ಅಂತ 2017ರ ಡಿಸೆಂಬರ್‌ನಲ್ಲಿ ಹೇಳಿತು. ಅಂದರೆ ಹೆಚ್ಚು ಜನ ನೋಡಲಿ ಅಂತ ನೀವು ಹಾಕಿದ ಷರತ್ತೇ ಪೋಸ್ಟನ್ನು ಮೂಲೆಗೆ ತಳ್ಳುತ್ತೆ. ಇನ್ನೊಂದು ಸಾಲು ಮರೆಯಬೇಡಿ. ಈ ಸ್ಪರ್ಧೆಗೂ ಫೇಸ್‌ಬುಕ್ಕಿಗೂ ಸಂಬಂಧ ಇಲ್ಲ, ಜವಾಬ್ದಾರಿ ಅಂಗಡಿಯದು ಅಂತ ನಿಯಮದಲ್ಲಿ ಬರೆಯಲೇಬೇಕು. ಇನ್‌ಸ್ಟಾಗ್ರಾಂಗೂ ಹಾಗೇ.

ಮುಂದಿನದು ಲಕ್ಕಿ ಡಿಪ್ಪು. ಮಂಡ್ಯದಲ್ಲಿ ಇದರ ಮೇಲೆ ಬಹಳ ಪ್ರೀತಿ, ನನಗೆ ಗೊತ್ತು. ಐನೂರು ರೂಪಾಯಿ ಖರೀದಿಗೆ ಒಂದು ಕೂಪನ್, ಡಬ್ಬದಲ್ಲಿ ಹಾಕಿ, ಬೈಕ್ ಗೆಲ್ಲಿ. ನಮ್ಮ ರಾಜ್ಯದಲ್ಲಿ ಲಾಟರಿ 2007ರಲ್ಲಿ ನಿಂತಿದ್ದು ಯಾಕೆ ಅಂತ ಇಲ್ಲಿರುವ ಹಿರಿಯರಿಗೆ ನಾನು ಹೇಳಬೇಕಾಗಿಲ್ಲ. ಎಷ್ಟು ಮನೆಯ ಬಟವಾಡೆ ದುಡ್ಡು ಆ ಟಿಕೆಟ್ಟಿಗೆ ಹೋಗುತ್ತಿತ್ತು ಅಂತ ನೋಡಿದವರು ನೀವು. ಬಹುಮಾನ, ಅದೃಷ್ಟ, ಅದರಲ್ಲಿ ಸೇರಲು ಕೊಡುವ ದುಡ್ಡು, ಈ ಮೂರು ಒಟ್ಟಿಗೆ ಬಂದರೆ ಕಾನೂನಿನ ಕಣ್ಣಿಗೆ ಅದು ಲಾಟರಿ. ಅನುಮತಿಯಿಲ್ಲದ ಲಾಟರಿ ನಡೆಸಿದರೆ ಮೊದಲು ದಂಡ ಸಂಹಿತೆಯ 294ಎ ಕಲಂ ಇತ್ತು, 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 297. ಕೊಂಡವರಿಗೆ ಮಾತ್ರ ಕೂಪನ್ ಅಂದರೆ, ಇದು ಲಾಟರಿ ಅಂತ ವಾದಿಸುವವರಿಗೆ ನೀವೇ ಬಾಗಿಲು ತೆಗೆದು ಕೊಟ್ಟ ಹಾಗೆ.

2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯನ್ನೂ ಒಂದು ಸಲ ಓದಿ. 2(47) ಅಂತ ಒಂದು ಕಡೆ ಅನುಚಿತ ವ್ಯಾಪಾರ ಪದ್ಧತಿ ಯಾವುದು ಅಂತ ಹೇಳಿದೆ. ಕೊಡುವ ಮನಸ್ಸಿಲ್ಲದೆ ಬಹುಮಾನ ಘೋಷಿಸೋದು, ಬೆಲೆಯಲ್ಲೇ ಸೇರಿಸಿಟ್ಟು ಉಚಿತ ಅನ್ನೋದು, ಯೋಜನೆ ಮುಗಿದ ಮೇಲೆ ಫಲಿತಾಂಶ ಹೇಳದೆ ಇರೋದು, ಎಲ್ಲಾ ಅದರಲ್ಲಿ ಬರುತ್ತೆ. ವ್ಯಾಪಾರ ಹೆಚ್ಚಿಸಲು ಇಡುವ ಸ್ಪರ್ಧೆ, ಲಾಟರಿ, ಅದೃಷ್ಟದ ಆಟ, ಕೌಶಲದ ಆಟ ಎಲ್ಲವನ್ನೂ ಆ ಕಲಂ ಹೆಸರಿಸುತ್ತೆ. ಬಹಳ ಅಗಲವಾದ ಕಲಂ ಅದು. ಹಾಗಾಗಿ ನಿಯಮದ ಹಾಳೆಯನ್ನು ಪ್ರಿಂಟಿಗೆ ಕೊಡುವ ಮುಂಚೆ ನಿಮ್ಮ ವಕೀಲರಿಗೆ ತೋರಿಸಿ. ಫಲಿತಾಂಶದ ಮಾತಂತೂ ನನಗೆ ಹೊಟ್ಟೆ ಉರಿಯುವ ವಿಷಯ. ಎಷ್ಟೋ ಪೇಜುಗಳಲ್ಲಿ ಸ್ಪರ್ಧೆಯ ಪೋಸ್ಟರ್ ಇರುತ್ತೆ, ಗೆದ್ದವರ ಹೆಸರು ಹುಡುಕಿದರೆ ಇಲ್ಲ. ಕಾಮೆಂಟಿನಲ್ಲಿ ಜನ ಕೇಳುತ್ತಲೇ ಇರುತ್ತಾರೆ, "ಸರ್ ರಿಸಲ್ಟ್ ಯಾವಾಗ?" ಅಂತ. ಬರಿಗೈಲಿ ಕಳಿಸೋದಕ್ಕಿಂತ ಕೆಟ್ಟದ್ದು ಇದು, ಬಾಗಿಲಲ್ಲೇ ನಿಲ್ಲಿಸಿಟ್ಟ ಹಾಗೆ.

ಬಹುಮಾನ ಏನಿರಬೇಕು? ನಿಮ್ಮ ಅಂಗಡಿಯದೇ ಇರಲಿ. ಫೋನ್ ಇಟ್ಟರೆ ಫೋನ್ ಬೇಕಾದವರು ಬರುತ್ತಾರೆ, ಬೆಲ್ಲದ ಅಂಗಡಿ ಇದೆ ಅನ್ನೋದೇ ಅವರ ತಲೆಗೆ ಹೋಗಲ್ಲ. ಬೆಲ್ಲ ಮಾರುವವರು ಒಂದು ವರ್ಷದ ಬೆಲ್ಲ ಇಡಿ, ತಿಂಗಳಿಗೆ ಎರಡು ಕೆಜಿ. ಗೆದ್ದವರು ಹನ್ನೆರಡು ಸಲ ನಿಮ್ಮ ಹೆಸರು ಹೇಳುತ್ತಾರೆ. ಸ್ಪರ್ಧೆಯ ಪ್ರಶ್ನೆಯೂ ಅದರ ಸುತ್ತಲೇ ಇರಲಿ. ನಿಮ್ಮ ಅಜ್ಜಿ ಬೆಲ್ಲದಲ್ಲಿ ಮಾಡುತ್ತಿದ್ದ, ಈಗ ಯಾರೂ ಮಾಡದ ತಿಂಡಿ ಯಾವುದು, ಬರೆದು ಕಳಿಸಿ ಅನ್ನಿ. ಬಂದ ಉತ್ತರ ಒಂದು ವರ್ಷ ನಿಮ್ಮ ಪೇಜಿಗೆ ಸಾಕು. ಬರೆದವರನ್ನು ಕೇಳಿ, ಅವರ ಹೆಸರು ಹಾಕಿ ಬಳಸಿ.

ಚೀಟಿ ಬಂತು. ಹತ್ತು ನಿಮಿಷ ಅಂತ ಬರೆದಿದ್ದಾರೆ. ಇನ್ನು ಬೇಗ ಬೇಗ ಹೇಳುತ್ತೇನೆ.

ತೆರಿಗೆ. ಚೀಟಿ ಎತ್ತಿ ಕೊಡುವ ಬಹುಮಾನದ ಬೆಲೆ 10,000 ರೂಪಾಯಿ ದಾಟಿದರೆ 30 ಪರ್ಸೆಂಟ್ ತೆರಿಗೆ ಕಡಿತ ಇದೆ. ವಸ್ತು ಕೊಡುವಾಗ ತೆರಿಗೆ ಕಟ್ಟಿದ್ದು ಖಾತ್ರಿ ಮಾಡಿಕೊಂಡೇ ಕೊಡಬೇಕು, ಆ ಹೊಣೆ ಕೊಡುವವರದ್ದು. 20,000ದ ಫ್ರಿಜ್ ಗೆದ್ದ ಮನೆಯವರಿಗೆ, 6,000 ತನ್ನಿ ಅಂತ ಆಮೇಲೆ ಹೇಳಿದರೆ ಅವರ ಮುಖ ಹೇಗಾಗಬೇಡ? ಮೊದಲೇ ಬರೆಯಿರಿ, ಇಲ್ಲ ಬಹುಮಾನ ಚಿಕ್ಕದಿಡಿ. ಲೆಕ್ಕ ನಿಮ್ಮ ಆಡಿಟರನ್ನು ಕೇಳಿ.

ಮಕ್ಕಳು. ಕೃಷ್ಣ ಜನ್ಮಾಷ್ಟಮಿಗೆ ಎಲ್ಲರೂ ಮುದ್ದು ಕೃಷ್ಣ ಫೋಟೊ ಸ್ಪರ್ಧೆ ಇಡುತ್ತಾರೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಪ್ರಕಾರ 18 ತುಂಬದವರೆಲ್ಲ ಮಕ್ಕಳು, ಅವರ ಮಾಹಿತಿ ಬಳಸಲು ತಂದೆ ತಾಯಿಯ ಒಪ್ಪಿಗೆ ಬೇಕು. ಮಗುವಿನ ಪೂರ್ತಿ ಹೆಸರು, ಶಾಲೆ, ಬೀದಿ ಇವನ್ನು ಫೋಟೊ ಜೊತೆ ಹಾಕಲೇಬೇಡಿ. ಹಬ್ಬ ಮುಗಿದ ಮೇಲೆ ತೆಗೆಯಿರಿ ಅಂತ ತಾಯಿ ಕೇಳಿದರೆ ಅವತ್ತೇ ತೆಗೆಯಿರಿ.

ನಕಲಿ ಪೇಜು. ನೀವು ಸ್ಪರ್ಧೆ ಇಟ್ಟ ಮರುದಿನವೇ ನಿಮ್ಮದೇ ಹೆಸರು, ನಿಮ್ಮದೇ ಫೋಟೊ ಹಾಕಿಕೊಂಡು ಇನ್ನೊಂದು ಪೇಜ್ ಹುಟ್ಟಬಹುದು. ನೀವು ಗೆದ್ದಿದ್ದೀರಿ, ಕೊರಿಯರ್ ಖರ್ಚಿಗೆ 99 ರೂಪಾಯಿ ಕಳಿಸಿ, ಒಟಿಪಿ ಹೇಳಿ ಅಂತ ನಿಮ್ಮ ಗಿರಾಕಿಗಳಿಗೇ ಮೆಸೇಜ್ ಹೋಗುತ್ತೆ. ನಾವು ದುಡ್ಡು ಕೇಳಲ್ಲ, ಒಟಿಪಿ ಕೇಳಲ್ಲ, ಬಹುಮಾನ ಅಂಗಡಿಯಲ್ಲೇ ಕೊಡುತ್ತೇವೆ ಅಂತ ಮೊದಲ ಪೋಸ್ಟಿನಲ್ಲೇ ಹಾಕಿ. ಯಾರಾದರೂ ದುಡ್ಡು ಕಳಕೊಂಡರೆ ತಡ ಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿಸಿ.

ವಾಟ್ಸ್‌ಆ್ಯಪ್ ಬಗ್ಗೆ, ರೀಲ್ಸ್ ಬಗ್ಗೆ ಬರೆದುಕೊಂಡು ಬಂದಿದ್ದೆ, ಸಮಯ ಇಲ್ಲ. ಒಂದೇ ಹೇಳುತ್ತೇನೆ, ಕೇಳದವರನ್ನು ಗ್ರೂಪಿಗೆ ಎಳೆದು ಹಾಕಬೇಡಿ.

ನಮ್ಮ ಅಂಗಡಿಯ ನಿಯಮದ ಹಾಳೆಯ ಪ್ರತಿಗಳನ್ನು ಬಾಗಿಲ ಪಕ್ಕದ ಮೇಜಿನ ಮೇಲೆ ಇಟ್ಟಿದ್ದೇನೆ. ಒಂದೇ ಪುಟ, ಕನ್ನಡದಲ್ಲಿದೆ. ಅದರ ಕೊನೆಯ ಸಾಲು ಖಾಲಿ ಬಿಟ್ಟಿದ್ದೇನೆ: ಭಾಗವಹಿಸಿದ ಎಲ್ಲರಿಗೂ ನಮ್ಮ ಅಂಗಡಿಯಿಂದ ಇಂಥದ್ದು ಅಂತ. ಅಲ್ಲಿ ಏನು ಬರೆಯುತ್ತೀರಿ ಅನ್ನೋದನ್ನು ಮನೆಗೆ ಹೋಗಿ ಯೋಚಿಸಬೇಡಿ. ಈಗ ಕಾಫಿಗೆ ಅಂತ ಏಳುತ್ತೀರಲ್ಲ, ಪಕ್ಕದವರನ್ನು ಕೇಳಿ, ಪೆನ್ನು ಇಸ್ಕೊಂಡು ಇಲ್ಲೇ ತುಂಬಿ. ನಾನು ಎರಡು ಗಂಟೆ ಬಸ್ಸಿನ ತನಕ ಇಲ್ಲೇ ಇರುತ್ತೇನೆ, ತಂದು ತೋರಿಸಿ. ನಮಸ್ಕಾರ.