ಎಷ್ಟು ತೆರಿಗೆ ಎಂಬುದನ್ನು ಯಾರು ಹೇಳಬೇಕು?

ಕೇಳುಗರಿಗೆ ನಮಸ್ಕಾರ.

ತೆರಿಗೆ ಹೆಚ್ಚಾಯಿತು ಎಂಬ ಮಾತು ಎಲ್ಲೆಡೆ ಕೇಳಿಬರುತ್ತದೆ. ಆದರೆ ಎಷ್ಟಿದ್ದರೆ ಸರಿ? ಡೆನ್ಮಾರ್ಕ್‌ನಲ್ಲಿ ದೇಶದ ಒಟ್ಟು ಉತ್ಪನ್ನದ ಶೇಕಡ 40ಕ್ಕೂ ಹೆಚ್ಚು ಭಾಗ ತೆರಿಗೆಯಾಗಿ ಸಂಗ್ರಹವಾಗುತ್ತದೆ. ನಮ್ಮಲ್ಲಿ ಕೇಂದ್ರ ಮತ್ತು ರಾಜ್ಯಗಳ ತೆರಿಗೆಗಳನ್ನು ಸೇರಿಸಿದರೂ ಅದು ಶೇಕಡ 20ರ ಒಳಗೇ ಉಳಿಯುತ್ತದೆ. ಈ ಅಂಕಿಗಳನ್ನಷ್ಟೇ ನೋಡಿ ಯಾವುದು ಸರಿ ಎಂದು ಹೇಳಲಾಗದು. ಆ ಹಣದಿಂದ ಜನರಿಗೆ ಏನು ಬೇಕಾಗಿದೆ ಎಂಬುದನ್ನು ಮೊದಲು ಕೇಳಬೇಕು. ಬೇಕಾದದ್ದನ್ನೂ ಕೊಡಬೇಕಾದದ್ದನ್ನೂ ಅದೇ ಜನರು, ಒಂದೇ ಸಭೆಯಲ್ಲಿ ಕುಳಿತು ತೀರ್ಮಾನಿಸಬೇಕು ಎಂಬುದು ನನ್ನ ದೃಢವಾದ ನಂಬಿಕೆ.

ಇದು ಬರೀ ಕನಸಲ್ಲ. ಸ್ವಿಟ್ಜರ್ಲೆಂಡ್‌ನ ಅನೇಕ ಸಣ್ಣ ಊರುಗಳಲ್ಲಿ ಮತದಾರರೇ ಸಭೆ ಸೇರಿ ಮುಂದಿನ ವರ್ಷದ ಆಯವ್ಯಯವನ್ನು ಒಪ್ಪುತ್ತಾರೆ. ಊರಿನ ತೆರಿಗೆಯ ಪ್ರಮಾಣವೂ ಅಲ್ಲೇ ನಿಗದಿಯಾಗುತ್ತದೆ. ಶಾಲೆಗೆ ಹೊಸ ಕಟ್ಟಡ ಬೇಕೆಂದು ಕೈ ಎತ್ತುವವರಿಗೆ ಅದರ ಖರ್ಚು ತಮ್ಮ ಮೇಲೆಯೇ ಬೀಳುತ್ತದೆ ಎಂಬ ಅರಿವಿರುತ್ತದೆ. ಇನ್ನು ಆ ದೇಶದ ಒಕ್ಕೂಟ ಸರ್ಕಾರವಂತೂ ಆದಾಯ ತೆರಿಗೆಯನ್ನು ಶಾಶ್ವತ ಹಕ್ಕಾಗಿ ಪಡೆದೇ ಇಲ್ಲ. ಸಂವಿಧಾನ ಅದಕ್ಕೆ ಗಡುವು ಹಾಕಿದೆ, ದರದ ಮೇಲ್ಮಿತಿಯನ್ನೂ ಬರೆದಿಟ್ಟಿದೆ. ಗಡುವು ಮುಗಿಯುವ ಮುನ್ನ ಜನರ ಒಪ್ಪಿಗೆಯನ್ನು ಮತ್ತೆ ಕೇಳಬೇಕು.

ಜನರನ್ನು ಕೇಳಿದರೆ ತೆರಿಗೆಯೇ ಬೇಡ ಎನ್ನುವುದಿಲ್ಲವೇ? 2018ರ ಮಾರ್ಚ್ 4ರಂದು ಸ್ವಿಸ್ ಮತದಾರರ ಮುಂದೆ ಈ ಪ್ರಶ್ನೆ ಬಂದಿತ್ತು. ಮತ ಹಾಕಿದವರಲ್ಲಿ ಶೇಕಡ 84ರಷ್ಟು ಮಂದಿ 2035ರವರೆಗೆ ತೆರಿಗೆ ಮುಂದುವರಿಯಲಿ ಎಂದರು. ಅದೇ ದಿನ, ರೇಡಿಯೊ ಮತ್ತು ದೂರದರ್ಶನಕ್ಕಾಗಿ ಪ್ರತಿ ಮನೆಯೂ ಕಟ್ಟುವ ಶುಲ್ಕವನ್ನು ರದ್ದುಪಡಿಸಬೇಕೆಂಬ ಪ್ರಸ್ತಾವ ಶೇಕಡ 70ಕ್ಕೂ ಹೆಚ್ಚು ಮತಗಳಿಂದ ಬಿದ್ದುಹೋಯಿತು. ಬಾನುಲಿಯಲ್ಲಿ ಮಾತನಾಡುತ್ತಿರುವ ನನಗೆ ಆ ಫಲಿತಾಂಶ ವಿಶೇಷವಾಗಿ ಹಿತವೆನಿಸುತ್ತದೆ.

ನಮ್ಮ ಸಂವಿಧಾನದ 265ನೇ ವಿಧಿಯ ಪ್ರಕಾರ ಕಾನೂನಿನ ಅಧಿಕಾರವಿಲ್ಲದೆ ಯಾವ ತೆರಿಗೆಯನ್ನೂ ವಿಧಿಸುವಂತಿಲ್ಲ, ವಸೂಲಿ ಮಾಡುವಂತಿಲ್ಲ. ಅದು ದೊಡ್ಡ ರಕ್ಷಣೆ. ಆದರೂ ಸಂಸತ್ತು ಬಹುದೂರದಲ್ಲಿದೆ. ಸೋಪು ಕೊಳ್ಳುವ ಕೂಲಿಕಾರ್ಮಿಕರೂ ಜಿಎಸ್‌ಟಿ ಕಟ್ಟುತ್ತಾರೆ, ಆದರೆ ತೆರಿಗೆದಾರರು ಎಂದಾಗ ಅವರ ನೆನಪು ಯಾರಿಗೂ ಬರುವುದಿಲ್ಲ. ಇದು ನನ್ನನ್ನು ನೋಯಿಸುವ ಸಂಗತಿ.

ಹಾಗಾದರೆ ಎಲ್ಲಿಂದ ಆರಂಭಿಸಬಹುದು? ಗ್ರಾಮ ಪಂಚಾಯಿತಿಯಿಂದ. ಮನೆ ಕಂದಾಯ ವಿಧಿಸುವ ಅಧಿಕಾರ ಅದಕ್ಕಿದೆ. ಗ್ರಾಮಸಭೆಯಲ್ಲಿ ಬೇಡಿಕೆಗಳ ಪಟ್ಟಿಯಾಗುತ್ತದೆ, ಜಮಾಬಂದಿಯಲ್ಲಿ ಹಿಂದಿನ ಲೆಕ್ಕ ಜನರ ಮುಂದೆ ಬರುತ್ತದೆ. ಇವೆರಡರ ನಡುವೆ ಕೊಂಡಿಯೊಂದು ಬೇಕು. ಪಂಚಾಯಿತಿಯ ಸ್ವಂತ ಹಣದ ಕಾಮಗಾರಿಗಳನ್ನು ಗ್ರಾಮಸಭೆಯಲ್ಲಿ ಓದುವಾಗ, ಪ್ರತಿಯೊಂದರ ಜೊತೆಗೆ ಅದಕ್ಕಾಗಿ ಒಂದು ಮನೆಯ ಕಂದಾಯ ಎಷ್ಟು ಏರಬೇಕಾಗುತ್ತದೆ ಎಂಬುದನ್ನೂ ಓದಲಿ. ಜನ ಒಪ್ಪಿದರೆ ಕಾನೂನಿನ ಮಿತಿಯೊಳಗೆ ಏರಿಸಲಿ, ಒಪ್ಪದಿದ್ದರೆ ಕೈಬಿಡಲಿ.

ಬಡ ಊರುಗಳಿಗೆ ಈ ಲೆಕ್ಕ ಸಾಲದು, ನಿಜ. ಸ್ವಿಟ್ಜರ್ಲೆಂಡ್‌ನಲ್ಲೂ ಸಿರಿವಂತ ಪ್ರಾಂತ್ಯಗಳ ಹಣದ ಒಂದು ಪಾಲು ಬಡ ಪ್ರಾಂತ್ಯಗಳಿಗೆ ಹೋಗುತ್ತದೆ. ಕುಡಿಯುವ ನೀರು, ಶಾಲೆ, ಆಸ್ಪತ್ರೆಗಳ ಹೊಣೆಯನ್ನು ರಾಜ್ಯವೇ ಹೊರಬೇಕು. ಅವನ್ನು ಯಾವ ಊರಿನ ಕಂದಾಯದ ಶಕ್ತಿಗೂ ಗಂಟುಹಾಕಬಾರದು.